ನ್ಯೂರೋಕಾಸ್ಮೆಟಿಕ್ ಕ್ರೀಮ್‌ಗಳು ನಿಜಕ್ಕೂ ನರಗಳ ಮೇಲೆ ಕೆಲಸ ಮಾಡುತ್ತವೆಯೇ?

ಪ್ರಶ್ನೆ
ಈಚೆಗೆ ಕೆಲವು ಕ್ರೀಮ್ ಮತ್ತು ಸೀರಮ್‌ಗಳ ಮೇಲೆ ‘ನ್ಯೂರೋಕಾಸ್ಮೆಟಿಕ್’ ಎಂಬ ಹೆಸರು ಕಾಣುತ್ತಿದೆ. ಅವುಗಳಿಂದ ಚರ್ಮದ ನರಗಳು ಶಾಂತವಾಗುತ್ತವೆ, ಸುಕ್ಕುಗಳು ಸಡಿಲಗೊಳ್ಳುತ್ತವೆ ಎಂದು ಬರೆದಿರುತ್ತಾರೆ. ನನ್ನ ಚರ್ಮ ಬೇಗ ಉರಿಯುವಂಥದ್ದು. ಆದ್ದರಿಂದ ಆಸೆಯೂ ಇದೆ, ಅನುಮಾನವೂ ಇದೆ. ಮೇಲೆ ಹಚ್ಚಿದ ವಸ್ತು ನರಗಳನ್ನು ತಲುಪಬಲ್ಲದೇ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1
ಚರ್ಮಕ್ಕೂ ನರಮಂಡಲಕ್ಕೂ ಇರುವ ನಂಟು ಜಾಹೀರಾತಿನ ಸೃಷ್ಟಿಯಲ್ಲ. ಭ್ರೂಣದಲ್ಲಿ ಹೊರಚರ್ಮವೂ ಮಿದುಳೂ ಎಕ್ಟೋಡರ್ಮ್ ಎಂಬ ಒಂದೇ ಪದರದಿಂದ ರೂಪುಗೊಳ್ಳುತ್ತವೆ; ಹೊರಚರ್ಮದ ಜೀವಕೋಶಗಳ ನಡುವೆಯೂ ಸೂಕ್ಷ್ಮವಾದ ನರತುದಿಗಳು ಹರಡಿಕೊಂಡಿರುತ್ತವೆ. ಅಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕವು (ಸಂವೇದನೆಯನ್ನು ಗ್ರಹಿಸುವ ಪ್ರೋಟೀನು) ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೂ ಸ್ಪಂದಿಸುತ್ತದೆ, ಟಿಆರ್‌ಪಿಎಂ8 ಎಂಬುದು ತಂಪಿಗೂ ಮೆಂಥಾಲ್‌ಗೂ ಸ್ಪಂದಿಸುತ್ತದೆ. ತಾಪ ಮತ್ತು ಸ್ಪರ್ಶದ ಗ್ರಾಹಕಗಳ ಸಂಶೋಧನೆಗಾಗಿಯೇ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಬಂದಿತು. ಮೆಂಥಾಲ್ ಇರುವ ಕ್ರೀಮ್ ಹಚ್ಚಿದಾಗ ಚರ್ಮದ ಉಷ್ಣತೆ ಇಳಿಯದಿದ್ದರೂ ತಂಪೆನಿಸುವುದು ನರದ ಮೂಲಕವೇ. ಕೆರಳಿದ ನರತುದಿಗಳು ‘ಸಬ್‌ಸ್ಟೆನ್ಸ್ ಪಿ’ಯಂತಹ ಪೆಪ್ಟೈಡ್‌ಗಳನ್ನು (ಪ್ರೋಟೀನಿನಂಥ ಕಿರು ಅಣುಗಳನ್ನು) ಸ್ರವಿಸುವುದರಿಂದ ರಕ್ತನಾಳಗಳು ಹಿಗ್ಗುತ್ತವೆ; ಉರಿಯ ಜೊತೆಗೇ ಕೆಂಪು ಬರಲು ಇದೂ ಒಂದು ಕಾರಣ.

ಉತ್ತರ 2
ಮೇಲಿನ ಮಾತು ಸರಿ, ಆದರೆ ಸುಕ್ಕಿನ ವಿಷಯದಲ್ಲಿ ನನಗೆ ನಂಬಿಕೆಯಿಲ್ಲ. ಬೊಟುಲಿನಮ್ ಟಾಕ್ಸಿನ್ ಎ (ಬೊಟಾಕ್ಸ್) ಚುಚ್ಚುಮದ್ದು ನರತುದಿಯೊಳಗೆ ಹೊಕ್ಕು ಸ್ನ್ಯಾಪ್-25 ಎಂಬ ಪ್ರೋಟೀನನ್ನು ತುಂಡರಿಸುತ್ತದೆ. ಹೀಗಾಗಿ ಸ್ನಾಯುವಿಗೆ ಸಂದೇಶ ತಲುಪದೆ ಅದು ಸಡಿಲಗೊಳ್ಳುತ್ತದೆ, ಸುಕ್ಕು ತಗ್ಗುತ್ತದೆ. ಆ ಪ್ರೋಟೀನಿನ ಒಂದು ತುದಿಯನ್ನು ಅನುಕರಿಸಿ ರೂಪಿಸಿದ ಅಸಿಟೈಲ್ ಹೆಕ್ಸಾಪೆಪ್ಟೈಡ್-8 ಈಗ ಅನೇಕ ಸೀರಮ್‌ಗಳಲ್ಲಿದೆ. ಅದರ ಅಣುತೂಕ ಸುಮಾರು 889 ಡಾಲ್ಟನ್. ಚರ್ಮದ ಮೇಲ್ಪದರವನ್ನು ಸುಲಭವಾಗಿ ದಾಟುವ ಅಣುಗಳು ಸಾಮಾನ್ಯವಾಗಿ 500 ಡಾಲ್ಟನ್‌ಗಿಂತ ಹಗುರವಾಗಿರುತ್ತವೆ, ಸ್ನಾಯುವನ್ನು ನರ ಸೇರುವ ಜಾಗವಂತೂ ಇನ್ನೂ ಆಳದಲ್ಲಿದೆ. ಪ್ರಯೋಗಾಲಯದ ಜೀವಕೋಶಗಳಲ್ಲಿ ಕಂಡ ಪರಿಣಾಮವನ್ನು ಮುಖದ ಮೇಲೂ ಕಾಣಬಹುದೆಂದು ಹೇಳುವುದು ಗ್ರಾಹಕರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಉರಿಗೆ ಏನು ಮಾಡಬೇಕು? ಮನಸ್ಸಿನ ಒತ್ತಡ ಹೆಚ್ಚಾದಾಗ ಉರಿಯೂ ಹೆಚ್ಚುವುದು ನನ್ನ ಭ್ರಮೆಯೇ?

ಉತ್ತರ 3
ಭ್ರಮೆಯಲ್ಲ. ಒತ್ತಡದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನು ಏರಿದಾಗ ಚರ್ಮದ ರಕ್ಷಣಾ ಪದರ ದುರಸ್ತಿಯಾಗುವುದು ನಿಧಾನವಾಗುತ್ತದೆ. ಆ ಪದರ ಸಡಿಲವಾದಷ್ಟೂ ಕೆರಳಿಸುವ ವಸ್ತುಗಳು ನರತುದಿಗಳನ್ನು ಸುಲಭವಾಗಿ ತಲುಪುತ್ತವೆ. ಆದುದರಿಂದ ಸುಗಂಧವಿಲ್ಲದ, ಗ್ಲಿಸರಿನ್ ಮತ್ತು ಸೆರಮೈಡ್ (ಚರ್ಮದ ರಕ್ಷಣಾ ಪದರದಲ್ಲಿರುವ ಕೊಬ್ಬು) ಇರುವ ಸರಳ ಮಾಯಿಶ್ಚರೈಸರ್ ಮೊದಲ ಆಯ್ಕೆಯಾಗಲಿ. ತಂಪಿನ ಆಸೆಗೆ ಮೆಂಥಾಲ್ ಹಚ್ಚಬೇಡಿ, ಸೂಕ್ಷ್ಮ ಚರ್ಮವನ್ನು ಅದು ಕೆರಳಿಸಬಹುದು. ಉರಿ ವಾರಗಟ್ಟಲೆ ಉಳಿದರೆ ಚರ್ಮವೈದ್ಯರನ್ನು ಕಾಣಿರಿ.

ಇನ್ನೊಂದು ಮಾತು. ಕೂದಲಿರುವ ಚರ್ಮದಲ್ಲಿ ಸಿ-ಟ್ಯಾಕ್ಟೈಲ್ ಎಂಬ ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದ ಮೃದುವಾದ ಸವರುವಿಕೆಗೆ ಅವು ಚೆನ್ನಾಗಿ ಸ್ಪಂದಿಸಿ ಹಿತವಾದ ಭಾವನೆಗೆ ಕಾರಣವಾಗುತ್ತವೆ. ಯಾವ ಕ್ರೀಮನ್ನೇ ನಿಧಾನವಾಗಿ ಹಚ್ಚಿದರೂ ಆ ಹಿತ ಸಿಗಬಹುದು. ಹೀಗಾಗಿ ‘ಬಳಸಿದವರಿಗೆ ನೆಮ್ಮದಿಯೆನಿಸಿತು’ ಎಂದು ಯಾವುದೇ ಕಂಪನಿ ಹೇಳಿಕೊಂಡರೆ, ಆ ವಿಶೇಷ ಘಟಕವಿಲ್ಲದ ಅದೇ ಕ್ರೀಮನ್ನು ಅಷ್ಟೇ ನಿಧಾನವಾಗಿ ಹಚ್ಚಿ ಹೋಲಿಸಿದ್ದಾರೆಯೇ ಎಂಬುದನ್ನು ಮೊದಲು ನೋಡಿರಿ.