ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ನೀವು ಏನು ಮಾಡಿದಿರಿ? ಅನುಭವ ಹಂಚಿಕೊಳ್ಳಿ

ಶಿರಸಿಯ ಮಗಳು:
ಅಪ್ಪನ ಲ್ಯಾಪ್‌ಟಾಪ್ 2016ರದು. ಆರನೆಯ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್. ವಿಂಡೋಸ್ 11 ಅದಕ್ಕೆ ಹಿಡಿಸುವುದಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಪಿಂಚಣಿ, ಬ್ಯಾಂಕು ಎಲ್ಲವನ್ನೂ ಅಪ್ಪ ಅದರಲ್ಲೇ ನೋಡುತ್ತಾರೆ. ಊರಿನ ಕೆರೆ, ದೇವಸ್ಥಾನಗಳ ಬಗ್ಗೆ ‘ನುಡಿ’ ಎಂಬ ಹಳೆಯ ಕನ್ನಡ ಫಾಂಟಿನಲ್ಲಿ ಬರೆದ ಸುಮಾರು 300 ಕಡತಗಳೂ ಅದರಲ್ಲಿವೆ. ಹೊಸದು ಕೊಳ್ಳಬೇಕೇ, ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಹಾಕಬೇಕೇ, ಇದ್ದುದನ್ನೇ ಇಟ್ಟುಕೊಳ್ಳಬೇಕೇ? ದಾರಿ ಕಂಡವರು ಹೇಳಿ.

ಅಕ್ಷರ ಜೋಡಣೆ, ಹಾಸನ:
ನಾನು ಹೊಸದು ಕೊಂಡೆ, ಮೇಡಂ. 52,000 ರೂಪಾಯಿ. ದುಡ್ಡು ಹೋದದ್ದಕ್ಕಿಂತ ಹೆಚ್ಚಾಗಿ ಕಾಡಿದ್ದು ಹಳೆಯ ಕೆಲಸ. ಇಪ್ಪತ್ತಮೂರು ವರ್ಷಗಳ ಲಗ್ನಪತ್ರಿಕೆ, ಶಾಲೆಗಳ ವಾರ್ಷಿಕ ಸಂಚಿಕೆ, ಸಂಘಗಳ ಸ್ಮರಣ ಸಂಚಿಕೆ, ಎಲ್ಲವೂ ಪೇಜ್‌ಮೇಕರ್ 7ರಲ್ಲಿವೆ. ಅದು 2001ರ ಪುಟವಿನ್ಯಾಸದ ತಂತ್ರಾಂಶ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನಲ್ಲಿ ಸಿಎಸ್6 ಆವೃತ್ತಿಯವರೆಗೆ ಆ ಕಡತಗಳು ತೆರೆಯುತ್ತಿದ್ದವು, ಆಮೇಲಿನ ಆವೃತ್ತಿಗಳಲ್ಲಿ ಆ ಬಾಗಿಲೂ ಮುಚ್ಚಿತು. ಹಾಗಾಗಿ ಹಳೆಯ ಯಂತ್ರವನ್ನು ಮಾರಲಿಲ್ಲ. ಇಂಟರ್ನೆಟ್ ತಂತಿ ಕಿತ್ತು ಮೂಲೆಯಲ್ಲಿ ಇಟ್ಟಿದ್ದೇನೆ, ಹಳೆಯ ಪುಟ ಬೇಕಾದಾಗ ಮಾತ್ರ ಹಚ್ಚುತ್ತೇನೆ.

412 ಪುಟಗಳ ಒಂದು ಊರ ಚರಿತ್ರೆಯನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ತಂದೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಾಗದದ ಮೇಲೆ ಕಾಣುವಂತೆಯೇ ಅಕ್ಷರದ ಬಲಕ್ಕೆ ಕುಳಿತಿರುತ್ತದೆ. ಯೂನಿಕೋಡ್‌ನಲ್ಲಿ ಆ ರಕಾರ ಮುಂಚೆಯೇ ಬರಬೇಕು. ಪರಿವರ್ತಕ ತಂತ್ರಾಂಶ ಅದನ್ನು ಆ ಮುಂಚಿನ ಜಾಗಕ್ಕೆ ಸರಿಸುವಾಗ ಎಡವಿತೋ, ‘ವಿದ್ಯಾರ್ಥಿ’ ಎಂಬುದು ‘ವಿದ್ಯಾಥರ್ಿ’ ಆಗುತ್ತದೆ, ‘ಸಾಮರ್ಥ್ಯ’ ಹೋಗಿ ‘ಸಾಮಥ್ರ್ಯ’ ಆಗುತ್ತದೆ. ನಡುವೆ ಇಂಗ್ಲಿಷ್ ಅಕ್ಷರದಲ್ಲಿದ್ದ ಇಮೇಲ್ ವಿಳಾಸಗಳೂ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಬಂದವು. ಹತ್ತೊಂಬತ್ತು ರಾತ್ರಿ ಕೂತು ತಿದ್ದಿದ್ದೇನೆ. ಅಚ್ಚಾದ ಪುಸ್ತಕದಲ್ಲಿ ಒಂದು ಅರ್ಕಾವತ್ತು ತಪ್ಪಿದ್ದರೆ ತೋರಿಸಿ.

ನಿವೃತ್ತ ಮೇಷ್ಟ್ರು, ಸಾಗರ:
ನಾನು ಲಿನಕ್ಸ್ ಮಿಂಟ್ 22 ಹಾಕಿಕೊಂಡೆ. ಅದು ಉಬುಂಟು 24.04ರ ಮೇಲೆ ನಿಂತದ್ದು, 2029ರವರೆಗೆ ಭದ್ರತಾ ಪರಿಷ್ಕರಣೆ ಬರುತ್ತದೆ. ನನ್ನದು 2014ರ ಯಂತ್ರ. 256 ಜಿಬಿ ಎಸ್‌ಎಸ್‌ಡಿಗೆ 1,850, ಇನ್ನೊಂದು 4 ಜಿಬಿ ರ‍್ಯಾಮಿಗೆ 1,400. ಮೊದಲು ಹಚ್ಚಿ ಕಾಫಿ ಕುಡಿದು ಬರುತ್ತಿದ್ದೆ, ಈಗ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಪರದೆ ಸಿದ್ಧವಾಗಿರುತ್ತದೆ.

ಕನ್ನಡ ಟೈಪಿಂಗ್ ಆಗುವುದಿಲ್ಲ ಎಂದು ಹೆದರಿಸಿದವರೇ ಹೆಚ್ಚು. ಲಿನಕ್ಸ್‌ನಲ್ಲಿ ಟೈಪಿಂಗ್ ಭಾಷೆ ಬದಲಿಸುವ ಐಬಸ್‌ಗೆ ಎಂ17ಎನ್ ಎಂಬ ಕೀಲಿಮಣೆಗಳ ಸಂಗ್ರಹ ಸೇರಿಸಿ, ಕನ್ನಡ ಗಣಕ ಪರಿಷತ್ತಿನ (ಕೆಜಿಪಿ) ವಿನ್ಯಾಸ ಆರಿಸಿದೆ. ಒತ್ತಿಗೆ ಎಫ್ ಕೀಲಿ, ಇಪ್ಪತ್ತು ವರ್ಷದ ಬೆರಳಿನ ಅಭ್ಯಾಸ ಒಂದೂ ತಪ್ಪಲಿಲ್ಲ. ಕೈಕೊಟ್ಟದ್ದು ಹಳೆಯ ಲೇಸರ್ ಪ್ರಿಂಟರ್. ಹನ್ನೊಂದು ದಿನ ಹೆಣಗಿದೆ, ಮೂರು ಬಾರಿ ಚಾಲಕ ತಂತ್ರಾಂಶ ಹಾಕಿ ತೆಗೆದೆ. ಕಾಗದ ಒಳಗೆ ಹೋಗುತ್ತಿತ್ತು, ಖಾಲಿಯಾಗಿ ಹೊರಗೆ ಬರುತ್ತಿತ್ತು. ಕೊನೆಗೆ 13,200 ಕೊಟ್ಟು ಹೊಸ ಪ್ರಿಂಟರ್ ತಂದೆ. ಪಶ್ಚಾತ್ತಾಪವಿಲ್ಲ.

ತೆರಿಗೆ ಸಲಹೆಗಾರ್ತಿ, ಹುಬ್ಬಳ್ಳಿ:
ಅಂದರೆ ಮೇಷ್ಟ್ರೇ, ನಿಮ್ಮ ಉಚಿತ ಲಿನಕ್ಸ್‌ಗೆ 16,450 ಬಿದ್ದಿದೆ. ಅದನ್ನು ಸ್ಪಷ್ಟವಾಗಿ ಹೇಳಿ. ನಿಮ್ಮಂಥವರ ಮಾತು ಕೇಳಿಯೇ ನನ್ನ ಅಳಿಯ ಕಚೇರಿಯ ಯಂತ್ರಕ್ಕೆ ಲಿನಕ್ಸ್ ಹಾಕಿದ. ಅಂದು 18ನೇ ತಾರೀಖು. 20ಕ್ಕೆ ಜಿಎಸ್‌ಟಿಯ ತಿಂಗಳ ರಿಟರ್ನ್ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನ. ನನ್ನ ಕಕ್ಷಿದಾರರಲ್ಲಿ ಮೂರು ಪ್ರೈವೇಟ್ ಲಿಮಿಟೆಡ್ ಕಂಪನಿಗಳು, ಡಿಜಿಟಲ್ ಸಹಿ ಇಲ್ಲದೆ ಅವರ ರಿಟರ್ನ್ ಹೋಗುವುದೇ ಇಲ್ಲ. ಸಹಿಯ ಯುಎಸ್‌ಬಿ ಟೋಕನ್ ಚುಚ್ಚಿದರೆ ದೀಪ ಉರಿಯುತ್ತಿತ್ತು, ಸಹಿಯ ತಂತ್ರಾಂಶಕ್ಕೆ ಮಾತ್ರ ಅದು ಕಾಣುತ್ತಲೇ ಇರಲಿಲ್ಲ. ಸಲ್ಲಿಸಿದ್ದು 24ಕ್ಕೆ. ದಿನಕ್ಕೆ 50 ರೂಪಾಯಿಯಂತೆ ನಾಲ್ಕು ದಿನ, ಮೂರು ಕಂಪನಿ, 600 ರೂಪಾಯಿ ವಿಳಂಬ ಶುಲ್ಕ ನನ್ನ ಕೈಯಿಂದ ಕಟ್ಟಿದೆ. ಹಣ ಸಣ್ಣದು. ಹದಿನಾಲ್ಕು ವರ್ಷ ಒಂದು ದಿನ ತಡಮಾಡದವಳು ಮೂವರ ಮುಂದೆ ತಲೆ ತಗ್ಗಿಸಬೇಕಾಯಿತು.

ಮತ್ತೆ ವಿಂಡೋಸ್ 10 ಹಾಕಿಸಿದೆ. 22ಎಚ್2 ಆವೃತ್ತಿ ಇದ್ದರೆ 2026ರ ಅಕ್ಟೋಬರ್ 13ರವರೆಗೆ ಸಿಗುವ ಭದ್ರತಾ ಪರಿಷ್ಕರಣೆಗೆ ಹೆಸರು ನೋಂದಾಯಿಸಬಹುದು. 30 ಡಾಲರ್ ಕೊಡಬಹುದು, ಇಲ್ಲವೇ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿ ಸೆಟ್ಟಿಂಗ್‌ಗಳ ಬ್ಯಾಕಪ್ ಒಪ್ಪಿಕೊಂಡರೆ ಉಚಿತ. ನಾನು ಎರಡನೆಯದನ್ನು ಮಾಡಿದೆ.

ನಿವೃತ್ತ ಮೇಷ್ಟ್ರು, ಸಾಗರ:
20ಕ್ಕೆ ಕೊನೆಯ ದಿನ ಇರುವಾಗ 18ಕ್ಕೆ ಮನೆ ಬದಲಾಯಿಸಿದವರು ಯಾರು? ಹೊಸ ಮನೆಯದೇ ತಪ್ಪೇ? ನಾನು ಪೆನ್‌ಡ್ರೈವಿನಿಂದಲೇ ಒಂದು ವಾರ ಓಡಿಸಿ ನೋಡಿ, ಆಮೇಲೆ ಹಾಕಿದೆ. ಪ್ರಿಂಟರನ್ನು ಆ ವಾರದಲ್ಲಿ ಪರೀಕ್ಷಿಸಲಿಲ್ಲ, ಅದು ನನ್ನ ತಪ್ಪು. ಒಪ್ಪಿಕೊಂಡೇ ಹೇಳುತ್ತಿದ್ದೇನೆ.

ತೋಟದ ಮನೆ, ಕೊಪ್ಪ:
ಜಗಳ ಆಮೇಲೆ ಆಡಿ. ಯಾರೂ ನನ್ನ ಹಾಗೆ ಮೋಸ ಹೋಗಬೇಡಿ. ನಾನು ಬೆಂಗಳೂರಿನ ಒಂದು ಅಂಗಡಿಯಲ್ಲಿ ಬಳಸಿದ ಲ್ಯಾಪ್‌ಟಾಪ್ ಕೊಂಡೆ, 17,500. ‘ಎಂಟನೆಯ ತಲೆಮಾರು, ವಿಂಡೋಸ್ 11 ಓಡುತ್ತದೆ’ ಎಂದರು. ಅಂಗೈ ಊರುವ ಜಾಗದಲ್ಲಿ ಹೊಸ ಚೀಟಿಯನ್ನೂ ಅಂಟಿಸಿದ್ದರು. ಮನೆಗೆ ಬಂದು ಸಿಸ್ಟಮ್ ವಿವರ ತೆರೆದರೆ ಐ5-7200ಯು. ಒಂಬತ್ತನೆಯ ತಲೆಮಾರಿನವರೆಗೆ ಅಡ್ಡಗೆರೆಯ ನಂತರದ ಮೊದಲ ಅಂಕಿಯೇ ತಲೆಮಾರು. 7 ಇದ್ದರೆ ಏಳನೆಯದು, 8250ಯು ಆಗಿದ್ದರೆ ಎಂಟನೆಯದು. ಚೀಟಿ ಕಿತ್ತು ನೋಡಿದೆ, ಕೆಳಗೆ ಹಳೆಯ ಅಂಟಿನ ಗುರುತು ಚೌಕವಾಗಿ ಹಾಗೇ ಇತ್ತು. ವಾಪಸು ಕೊಟ್ಟದ್ದು 15,500. ಬಸ್ಸಿಗೆ ಎರಡು ಸಲಕ್ಕೆ 2,400. ಅಡಿಕೆ ಕೊಯ್ಲಿನ ನಡುವೆ ನಾಲ್ಕು ದಿನ ಹಾಳು.

ಎರಡನೆಯ ಬಾರಿ ಅಂಕಿ ನೋಡಿ ಕೊಂಡೆ. ಅದೂ ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ಭಾಗ ಇಲ್ಲ ಎಂದಿತು! ಯಂತ್ರದ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಪಿಟಿಟಿ ಎಂಬ ಇಂಟೆಲ್‌ನ ಟಿಪಿಎಂ ಅನ್ನು ಬಂದ್ ಮಾಡಿಟ್ಟಿದ್ದರು, ಹಚ್ಚಿದ ಮೇಲೆ ಸರಿಹೋಯಿತು.

ಅನುವಾದಕಿ, ಮೈಸೂರು:
ನನಗೆ ಅರ್ಥವಾಗದ್ದು, 2025ರಲ್ಲೂ ನುಡಿ ಏಕೆ? ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ನಾನು ಉಚ್ಚಾರಣೆಯಂತೆ ಟೈಪಿಸುತ್ತೇನೆ, ಯಾವ ಯಂತ್ರಕ್ಕೆ ಹೋದರೂ ನನ್ನ ಕಡತ ತೆರೆಯುತ್ತದೆ. ಮುದ್ರಣದವರು ಬದಲಾಗದೆ ಲೇಖಕರನ್ನೂ ಕಟ್ಟಿಹಾಕಿದ್ದಾರೆ. ಯೂನಿಕೋಡ್‌ನಲ್ಲಿ ಕೊಟ್ಟ ನನ್ನ ಪುಸ್ತಕವನ್ನು ಹಳೆಯ ಫಾಂಟಿಗೆ ತಿರುಗಿಸಿ ‘ಕರ್ತೃ’ ಇದ್ದಲ್ಲೆಲ್ಲ ಕೆಡಿಸಿಟ್ಟರು.

ಅಕ್ಷರ ಜೋಡಣೆ, ಹಾಸನ:
ನಮ್ಮನ್ನು ಬೈಯುವುದು ಸುಲಭ, ಮೇಡಂ. ಹಳೆಯ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡದ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. ಹೊಸ ತಂತ್ರಾಂಶಕ್ಕೆ ತಿಂಗಳು ತಿಂಗಳು ಬಾಡಿಗೆ. ಲಗ್ನಪತ್ರಿಕೆಗೆ ಮುನ್ನೂರು ರೂಪಾಯಿ ವಿನ್ಯಾಸದ ಕೂಲಿ ಕೊಡಲು ಚೌಕಾಸಿ ಮಾಡುವ ಊರಿನಲ್ಲಿ ಆ ಬಾಡಿಗೆ ಎಲ್ಲಿಂದ ತರಲಿ?

ನಿವೃತ್ತ ಮೇಷ್ಟ್ರು, ಸಾಗರ:
ಇಬ್ಬರೂ ಎರಡು ಸಂಗತಿಗಳನ್ನು ಕಲಸುತ್ತಿದ್ದೀರಿ. ಕೀಲಿಮಣೆ ಬೇರೆ, ಸಂಕೇತ ಬೇರೆ. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಕೆಜಿಪಿ ಕೀಲಿಮಣೆಯಲ್ಲೇ ಯೂನಿಕೋಡ್ ಟೈಪಿಸಬಹುದು, ನಾನು ದಿನವೂ ಮಾಡುತ್ತಿದ್ದೇನೆ. ಬಿಡಬೇಕಾದದ್ದು ಹಳೆಯ ಫಾಂಟ್ ಮಾತ್ರ. ಪೇಜ್‌ಮೇಕರ್ ಬದಲು ಸ್ಕ್ರೈಬಸ್ 1.6 ಇದೆ, ಉಚಿತ. ಕನ್ನಡದ ಒತ್ತಕ್ಷರ ಸರಿಯಾಗಿ ಬರುತ್ತದೆ.

ತೆರಿಗೆ ಸಲಹೆಗಾರ್ತಿ, ಹುಬ್ಬಳ್ಳಿ:
ಮತ್ತೆ ಉಚಿತ! ಆ ಉಚಿತಕ್ಕೆ ಯಾವ ಪ್ರಿಂಟರ್ ಕೊಳ್ಳಬೇಕು ಎಂಬುದನ್ನೂ ಹೇಳಿಬಿಡಿ.

ಶಿರಸಿಯ ಮಗಳು:
ಎಲ್ಲರಿಗೂ ವಂದನೆಗಳು. ಸದ್ಯ ಒಂದು ವರ್ಷದ ನೋಂದಣಿ ಮಾಡಿಸಿದೆ. ಮೂಲ ಕಡತಗಳನ್ನು ಹಾಗೇ ಉಳಿಸಿ, ಒಂದರ ಪ್ರತಿಯನ್ನು ಯೂನಿಕೋಡ್‌ಗೆ ತಿರುಗಿಸಿದೆ. ಅಪ್ಪ ಕೆಂಪು ಪೆನ್ನು ಹಿಡಿದು ಮುದ್ರಿತ ಹಾಳೆ ಓದುತ್ತಿದ್ದಾರೆ. ಮೊದಲ ಪುಟದಲ್ಲೇ ‘ತೀರ್ಥ’ ಹೋಗಿ ‘ತೀಥರ್’ ಆಗಿದೆ. ಹಾಸನದವರೇ, ಅರ್ಕಾವತ್ತನ್ನು ಹುಡುಕಿ ಒಟ್ಟಿಗೇ ಬದಲಿಸಿದಿರೋ, ಒಂದೊಂದಾಗಿ ತಿದ್ದಿದಿರೋ? ಇನ್ನೂ 299 ಇವೆ.

ಅಕ್ಷರ ಜೋಡಣೆ, ಹಾಸನ:
ಒಟ್ಟಿಗೇ ಬದಲಿಸಬೇಡಿ, ಮೇಡಂ. ಸರಿ ಇದ್ದದ್ದೂ ಕೆಡುತ್ತದೆ. ತಪ್ಪಿದ ಪದಗಳ ಪಟ್ಟಿ ಮಾಡಿ, ಇಡೀ ಪದವನ್ನೇ ಹುಡುಕಿ ಬದಲಿಸಿ. ನನ್ನ ಪಟ್ಟಿಯಲ್ಲಿ 640 ಪದಗಳಿವೆ, ಇಂದು ರಾತ್ರಿ ಇಲ್ಲಿಯೇ ಹಾಕುತ್ತೇನೆ.

ನಿವೃತ್ತ ಮೇಷ್ಟ್ರು, ಸಾಗರ:
ಹುಬ್ಬಳ್ಳಿಯವರೇ, ಪ್ರಿಂಟರ್ ವಿಷಯ ನಾನೇ ಮೊದಲು ಹೇಳಿದ್ದು. ನಿಮ್ಮ 18ನೇ ತಾರೀಖಿಗೆ ಇನ್ನೂ ಉತ್ತರ ಬಂದಿಲ್ಲ.