ಪ್ರಶ್ನೋತ್ತರ: ಸ್ಪ್ರೇ ಹೊಡೆದಷ್ಟೂ ಹೆಚ್ಚುವ ಇರುವೆ

ಪ್ರಶ್ನೆ (ಕದ್ರಿ, ಫ್ಲ್ಯಾಟ್, ನಾಲ್ಕನೇ ಮಹಡಿ)
ನಮಸ್ಕಾರ ಸರ್. ಮಳೆ ಶುರುವಾದಲ್ಲಿಂದ ಅಡುಗೆಮನೆ ಕಟ್ಟೆ ಮೇಲೆ ಸಣ್ಣ ಇರುವೆ. ಎಷ್ಟು ಸಣ್ಣ ಅಂದ್ರೆ ಕನ್ನಡಕ ಇಲ್ಲದೆ ಕಾಣುವುದೇ ಇಲ್ಲ. ಸ್ಪ್ರೇ ಹೊಡೆದರೆ ಎರಡು ದಿನ ಸುದ್ದಿ ಇಲ್ಲ, ಮೂರನೇ ದಿನಕ್ಕೆ ಸಿಂಕ್ ಹತ್ತಿರ ಒಂದು ಸಾಲು, ಫ್ರಿಜ್ ಹಿಂದೆ ಇನ್ನೊಂದು ಸಾಲು. ನಾಲ್ಕನೇ ಮಹಡಿಗೆ ಇವು ಬರುವುದಾದರೂ ಹೇಗೆ? ಎಂತ ಮಾಡುದು?

ಉತ್ತರ (ಪೆಸ್ಟ್ ಕಂಟ್ರೋಲ್)
ಮೊದಲು ಸ್ಪ್ರೇ ನಿಲ್ಲಿಸಿ ಮೇಡಂ. ಒಂದು ಸಾಲು ಎರಡಾದದ್ದು ಅದರಿಂದಲೇ ಇರಬಹುದು. ಯಾವ ಜಾತಿ ಅಂತ ಗೊತ್ತಾದರೆ ಖಚಿತವಾಗಿ ಹೇಳಬಹುದು. ಸೆಲ್ಲೋ ಟೇಪಿನ ಅಂಟು ಬದಿಯನ್ನು ಸಾಲಿನ ಮೇಲೆ ಮೆಲ್ಲ ಒತ್ತಿ, ನಾಲ್ಕೈದು ಇರುವೆ ಹಿಡಿದ ಮೇಲೆ ಬಿಳಿ ಕಾಗದಕ್ಕೆ ಅಂಟಿಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ಹಾಕಿ. ಇನ್ನೊಂದನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿ.

ಪ್ರಶ್ನೆ (ಕದ್ರಿ)
ಫೋಟೋ ಹಾಕಿದ್ದೇನೆ. ಒಂದೂವರೆ ಮಿಲಿಮೀಟರ್ ಇರಬಹುದು. ತಲೆ ಕಪ್ಪು, ಹಿಂದಿನ ಭಾಗ ಬಿಳಿಚಿಕೊಂಡು ನೀರಿನ ಹಾಗೆ. ವಾಸನೆ ಕಮಟು ಕೊಬ್ಬರಿಯದ್ದೇ!

ಉತ್ತರ
ಹಾಗಾದರೆ ಸಂಶಯ ಇಲ್ಲ, ಟಪಿನೋಮಾ ಮೆಲನೊಸೆಫಾಲಮ್. ಇಂಗ್ಲಿಷಿನಲ್ಲಿ ಘೋಸ್ಟ್ ಆಂಟ್ ಅನ್ನುತ್ತಾರೆ. ಬಿಳಿ ಟೈಲ್ಸ್ ಮೇಲೆ ತಲೆ ಮಾತ್ರ ಕಾಣುತ್ತದೆ, ಉಳಿದದ್ದು ಮಾಯ. ಇದರ ಒಂದೊಂದು ಗೂಡಿನಲ್ಲಿ ಹಲವು ರಾಣಿಗಳು. ಟೈಲ್ಸ್ ಹಿಂದಿನ ಪೊಳ್ಳು, ಬಾಗಿಲ ಚೌಕಟ್ಟಿನ ಸಂದಿ, ಬಾಲ್ಕನಿಯ ಹೂಕುಂಡದ ಮಣ್ಣು ಎಲ್ಲವೂ ಅದಕ್ಕೆ ಮನೆಯೇ. ಹಾಗಾಗಿ ನೆಲದಿಂದ ನಾಲ್ಕು ಮಹಡಿ ಹತ್ತಿ ಬರಬೇಕಂತಿಲ್ಲ, ನಿಮ್ಮ ಗೋಡೆಯೊಳಗೇ ಇರುತ್ತದೆ. ಮಳೆಗಾಲದಲ್ಲಿ ಹೊರಗಿನ ಮಣ್ಣು ನೆನೆದಾಗ ಒಣ ಜಾಗ ಹುಡುಕಿ ಒಳಗೆ ಸರಿಯುತ್ತವೆ.

ಸ್ಪ್ರೇಯಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಅನ್ನುವ ಕೀಟನಾಶಕ. ಹೊರಗೆ ತಿರುಗುವವು ಸಾಯುತ್ತವೆ, ಒಳಗಿನ ರಾಣಿಗಳಿಗೆ ಏನೂ ಆಗುವುದಿಲ್ಲ. ಪೆಟ್ಟು ಬಿದ್ದ ಗೂಡು ಒಡೆದು, ಒಂದೊಂದು ರಾಣಿಯ ಜೊತೆ ಒಂದಷ್ಟು ಕೆಲಸಗಾರ ಇರುವೆಗಳು ಬೇರೆ ಸಂಸಾರ ಹೂಡುತ್ತವೆ. ನಿಮ್ಮ ಫ್ರಿಜ್ ಹಿಂದಿನ ಸಾಲು ಬಹುಶಃ ಅದೇ. ಇರುವೆ ಚಾಕಿನ ಗೆರೆಯೂ ಅಷ್ಟೆ, ದಾರಿ ತಿರುಗಿಸುತ್ತದೆ, ಗೂಡನ್ನು ಮುಟ್ಟುವುದಿಲ್ಲ. ಇದಕ್ಕೆ ವಿಷವನ್ನು ಅವುಗಳೇ ಹೊತ್ತು ಗೂಡಿಗೆ ಒಯ್ಯಬೇಕು, ಅದೂ ನಿಧಾನದ ವಿಷ.

ಬೋರಿಕ್ ಪೌಡರ್ ಮೆಡಿಕಲ್‌ನಲ್ಲಿ ಸಿಗುತ್ತದೆ. 100 ಮಿಲಿ ಬಿಸಿನೀರಿಗೆ 20 ಗ್ರಾಂ ಸಕ್ಕರೆ, ಅಂದರೆ ಸಪಾಟಾಗಿ ನಾಲ್ಕೈದು ಟೀ ಚಮಚ. ಬೋರಿಕ್ 1 ಗ್ರಾಂ, ಟೀ ಚಮಚದ ಕಾಲು ಭಾಗ, ಗೋಪುರ ಬೇಡ. ಪೂರ್ತಿ ಕರಗುವ ತನಕ ಕಲಕಿ. ಬಾಟಲಿ ಮುಚ್ಚಳದಲ್ಲಿ ಹತ್ತಿ ಉಂಡೆ ಇಟ್ಟು, ಅದು ನೆನೆಯುವಷ್ಟು ಹಾಕಿ, ಸಾಲಿನ ಪಕ್ಕಕ್ಕೆ ಇಡಿ. ಸಾಲಿನ ಮೇಲೆಯೇ ಇಟ್ಟರೆ ಅವು ಗಲಿಬಿಲಿಯಾಗುತ್ತವೆ. ಮಗು ಅಥವಾ ಬೆಕ್ಕು ಇರುವ ಮನೆಯಾದರೆ ಮುಚ್ಚಳ ಬಿಗಿಯುವ ಪ್ಲಾಸ್ಟಿಕ್ ಡಬ್ಬಿಗೆ ಬುಡದಲ್ಲಿ ಎರಡು ಮೂರು ಸಣ್ಣ ತೂತು ಕೊರೆದು ಒಳಗಿಡಿ. ಕಲಕಿದ ಚಮಚ ಮತ್ತೆ ಅಡುಗೆಗೆ ಬೇಡ, ಉಳಿದ ಬಾಟಲಿಗೆ "ವಿಷ" ಅಂತ ಬರೆದು ಮೇಲಿಡಿ.

ಮೊದಲ ದಿನ ಇರುವೆ ಜಾತ್ರೆ ಸೇರುತ್ತದೆ. ಹೆದರಿ ಒರೆಸಬೇಡಿ, ಅದೇ ನಮಗೆ ಬೇಕಾದದ್ದು. ನಾಲ್ಕೈದು ದಿನಕ್ಕೆ ಕಡಿಮೆಯಾಗಲು ಶುರು, ಪೂರ್ತಿ ನಿಲ್ಲಲು ಎರಡು ಮೂರು ವಾರ.

ಪ್ರಶ್ನೆ (ಸುರತ್ಕಲ್)
ನಾನೂ ಇದನ್ನೇ ಮಾಡಿದ್ದು ಸರ್. ಬೇಗ ಸಾಯಲಿ ಅಂತ ಎರಡು ಚಮಚ ಬೋರಿಕ್ ಹಾಕಿದೆ, ಸಕ್ಕರೆ ಬದಲು ಬೆಲ್ಲ. ಒಂದೆರಡು ಬಂದು ಮುಟ್ಟಿ ಹೋದವು, ಮತ್ತೆ ತಿರುಗಿ ನೋಡಲಿಲ್ಲ. ಬೋರಿಕ್ ಅಂತ ಕೇರಂ ಪೌಡರ್ ಹಾಕಿದ್ದು ತಪ್ಪಾಯ್ತಾ?

ಉತ್ತರ
ಎರಡು ಚಮಚ ಅಂದರೆ ಎಂಟು ಹತ್ತು ಗ್ರಾಂ ಆಯಿತು ಮಾರಾಯ್ರೆ! 100 ಮಿಲಿ ತಣ್ಣಗಿನ ನೀರಿನಲ್ಲಿ ಕರಗುವುದೇ ಸುಮಾರು ಐದು ಗ್ರಾಂ, ಉಳಿದದ್ದು ತಳದಲ್ಲಿ ಮರಳಿನ ಹಾಗೆ ಕೂತಿರುತ್ತದೆ. ಅಷ್ಟು ಗಟ್ಟಿಯಾದರೆ ಇರುವೆ ಕುಡಿಯುವುದಿಲ್ಲ, ಕುಡಿದದ್ದು ಗೂಡು ಮುಟ್ಟುವ ಮೊದಲೇ ಸಾಯುತ್ತದೆ. ನೂರಕ್ಕೆ ಒಂದು, ಅದಕ್ಕಿಂತ ಮೇಲೆ ಹೋಗಬೇಡಿ. ನೀರು ಆರಿದಂತೆಯೂ ಪ್ರಮಾಣ ಏರುತ್ತದೆ, ಆದ್ದರಿಂದ ಎರಡು ದಿನಕ್ಕೊಮ್ಮೆ ಹೊಸ ಹತ್ತಿ. ಬೆಲ್ಲದ ನೀರು ನಮ್ಮ ಸೆಕೆಗೆ ಬೇಗ ಹುಳಿ ಬರುತ್ತದೆ, ಸಕ್ಕರೆಯೇ ವಾಸಿ. ಕೇರಂ ಪೌಡರ್ ಹಲವು ಬೋರಿಕ್ಕೇ, ಆದರೆ ಲೇಬಲ್ ಇಲ್ಲದ ಪೊಟ್ಟಣದಲ್ಲಿ ಎಂಥ ಉಂಟು ಅಂತ ಹೇಗೆ ಹೇಳುವುದು? ಬಿಳಿಗಾರ (ಬೋರಾಕ್ಸ್) ಇದ್ದರೆ ಅದೂ ಆಗುತ್ತದೆ, 1 ಗ್ರಾಂ ಬದಲು ಒಂದೂವರೆ ಗ್ರಾಂ. ಅಡುಗೆ ಸೋಡಾ ಮಾತ್ರ ಇದಕ್ಕೆ ಬದಲಿ ಅಲ್ಲ.

ಮತ್ತೊಂದು, ಪಕ್ಕದಲ್ಲೇ ಜೇನಿನ ಬಾಟಲಿಯ ಬಾಯಿ ಅಂಟಂಟಾಗಿದ್ದರೆ ನಿಮ್ಮ ಹತ್ತಿಯನ್ನು ಯಾರು ಕೇಳುತ್ತಾರೆ? ಡಬ್ಬಿಗಳ ಬುಡ, ಮಿಕ್ಸಿಯ ಅಡಿ, ಕಸದ ಬುಟ್ಟಿ ತೊಳೆಯಿರಿ. ಬಾಲ್ಕನಿಯ ದಾಸವಾಳ, ಕರಿಬೇವಿನ ಗಿಡದ ಎಲೆಯಡಿ ಬಿಳಿ ಹಿಟ್ಟು ತಿಗಣೆ ಉಂಟಾ ನೋಡಿ. ಅದು ಸುರಿಸುವ ಸಿಹಿ ನೀರಿಗಾಗಿ ಇರುವೆ ಅದನ್ನು ಹಸು ಸಾಕಿದ ಹಾಗೆ ಸಾಕುತ್ತದೆ. ಲೀಟರ್ ನೀರಿಗೆ ಒಂದು ಟೀ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ ಎಲೆಯಡಿಗೆ ತಾಗುವಂತೆ ಸಂಜೆ ಹೊತ್ತು ಹೊಡೆದು, ಸ್ವಲ್ಪ ಹೊತ್ತು ಬಿಟ್ಟು ಬರಿ ನೀರಿನಲ್ಲಿ ತೊಳೆಯಿರಿ.

ಪ್ರಶ್ನೆ (ಮಣಿಪಾಲ)
ನಮ್ಮಲ್ಲಿ ಸ್ವಿಚ್ ಬೋರ್ಡಿನ ಸಂದಿಯಿಂದ ಬರುವುದು. ಕಪ್ಪು, ಕಾಲು ಉದ್ದ, ಹುಚ್ಚು ಹಿಡಿದ ಹಾಗೆ ಅಡ್ಡಾದಿಡ್ಡಿ ಓಡುತ್ತವೆ. ಫ್ಯಾನ್ ಸ್ವಿಚ್ ಒಮ್ಮೊಮ್ಮೆ ಕೆಲಸ ಮಾಡುವುದಿಲ್ಲ. ಒಳಗೆ ಸ್ಪ್ರೇ ಹೊಡೆಯಬಹುದಾ?

ಉತ್ತರ
ಬೇಡವೇ ಬೇಡ. ಪ್ಯಾರಾಟ್ರೆಕಿನಾ ಇರಬೇಕು, ಇಂಗ್ಲಿಷಿನಲ್ಲಿ ಅದಕ್ಕೆ ಕ್ರೇಜಿ ಆಂಟ್ ಅಂತಲೇ ಹೆಸರು. ಮೇಲಿನ ಸಕ್ಕರೆ ನೀರನ್ನು ಬೋರ್ಡಿನ ಕೆಳಗೆ, ನೆಲದ ಮೇಲೆ ಇಡಿ, ಬೋರ್ಡಿಗೆ ತಾಗಿಸಬೇಡಿ. ಗೂಡು ಹೆಚ್ಚಾಗಿ ಹೊರಗೆ, ಕಲ್ಲಿನ ಅಡಿ, ಕಸದ ರಾಶಿಯಲ್ಲಿ ಇರುತ್ತದೆ, ಅಲ್ಲಿಯೂ ಒಂದು ಮುಚ್ಚಳ ಇಡಿ.

ಉತ್ತರ (ಇಲೆಕ್ಟ್ರಿಷಿಯನ್)
ಸ್ವಿಚ್ಚಿನ ಕಥೆ ನಾನು ಹೇಳುತ್ತೇನೆ. ಸ್ವಿಚ್ ಒಳಗಿನ ಎರಡು ಪಾಯಿಂಟ್ ಮಧ್ಯೆ ಇರುವೆ ಸಿಕ್ಕಿ ಸತ್ತು ಕರಿದು ಕೂತಿರುತ್ತದೆ, ಒತ್ತಿದರೂ ತಾಗುವುದಿಲ್ಲ. ಸ್ಪ್ರೇಯಲ್ಲಿ ಎಣ್ಣೆಯಂಥ ದ್ರವ ಇರುತ್ತದೆ, ಕಿಡಿ ಹಾರಿದರೆ ಹೊತ್ತಿಕೊಳ್ಳುತ್ತದೆ. ಎಂಸಿಬಿ, ಅಂದರೆ ಆ ಸಾಲಿನ ಕರೆಂಟು ಕಡಿಯುವ ಸ್ವಿಚ್, ಆಫ್ ಮಾಡಿ, ಟೆಸ್ಟರ್‌ನಲ್ಲಿ ನೋಡಿ, ಆಮೇಲೆ ಪ್ಲೇಟ್ ಬಿಚ್ಚಬೇಕು. ಒಣ ಪೇಂಟಿಂಗ್ ಬ್ರಷ್‌ನಲ್ಲಿ ಗುಡಿಸಿ. ಹಾಳಾದ ಸ್ವಿಚ್ ಬಿಚ್ಚಿ ಉಜ್ಜುವ ಬದಲು ಹೊಸತು ಹಾಕುವುದೇ ಲಾಭ. ಇರುವೆ ಬರುವ ದಾರಿ ಗೋಡೆಯೊಳಗಿನ ಪೈಪು. ಅದರ ಬಾಯಿಗೆ ಎಂ-ಸೀಲ್ ಜಡಿಯಬೇಡಿ, ನಾಳೆ ವಯರ್ ಎಳೆಯಲಿಕ್ಕೆ ಆಗುವುದಿಲ್ಲ. ಸಿಲಿಕೋನ್ ಆದರೆ ಕಿತ್ತು ತೆಗೆಯಬಹುದು. ಕೈ ನುರಿತಿಲ್ಲದಿದ್ದರೆ ಬಿಚ್ಚಲಿಕ್ಕೇ ಹೋಗಬೇಡಿ, ಕರೆಸಿ.

ಪ್ರಶ್ನೆ (ಬ್ರಹ್ಮಾವರ, ಹಂಚಿನ ಮನೆ)
ನಮ್ಮದು ಕೆಂಪಿರುವೆ ಅಣ್ಣ. ಮಾಡಿನಿಂದ ಉದುರುತ್ತವೆ, ಅಂಗಳದಲ್ಲೂ ಕಚ್ಚುತ್ತವೆ. ಎರಡೂ ಒಂದೇಯಾ? ಬೋರಿಕ್ ಸಾಕಾ?

ಉತ್ತರ
ಎರಡೂ ಬೇರೆ ಬೇರೆ. ಮಾಡಿನಿಂದ ಉದುರುವುದು ಚಗಳಿ. ಮಾವು, ಹಲಸಿನ ಎಲೆ ಹೊಲಿದು ಗೂಡು ಕಟ್ಟುವ ಜಾತಿ. ಇದಕ್ಕೆ ಮುಳ್ಳಿಲ್ಲ, ಕಚ್ಚಿ ಗಾಯಕ್ಕೆ ಆಮ್ಲ ಸಿಂಪಡಿಸುತ್ತದೆ. ವಿಷ ಇಡಬೇಡಿ, ತೋಟದ ಕೀಟ ತಿನ್ನುವ ಉಪಕಾರಿ. ಹಂಚಿಗೆ ತಾಗಿದ ಗೆಲ್ಲು ಕಡಿದು ಒಂದು ಮೀಟರ್ ಅಂತರ ಬಿಡಿ, ಮರಕ್ಕೆ ಕಟ್ಟಿದ ಬಟ್ಟೆ ಹಗ್ಗವನ್ನೂ ಬಿಚ್ಚಿ. ಸೇತುವೆ ತಪ್ಪಿದರೆ ಬರುವುದು ತಪ್ಪುತ್ತದೆ.

ಅಂಗಳದ್ದು, ಮಣ್ಣಿನಲ್ಲಿ ಗೂಡು ಮಾಡಿ ಹಿಂಬದಿಯ ಮುಳ್ಳಿನಿಂದ ಚುಚ್ಚುವಂಥದ್ದಾದರೆ ಸೊಲೆನಾಪ್ಸಿಸ್ (ಇಂಗ್ಲಿಷಿನಲ್ಲಿ ಫೈರ್ ಆಂಟ್) ಆಗಿರಬಹುದು. ಉರಿ, ಆಮೇಲೆ ಗುಳ್ಳೆ. ಇದಕ್ಕೆ ಸಿಹಿಗಿಂತ ಎಣ್ಣೆ ಪದಾರ್ಥ ಇಷ್ಟ. ಪರೀಕ್ಷೆ ಸುಲಭ: ಒಂದು ಕಾಗದದ ಮೇಲೆ ಸಕ್ಕರೆ ನೀರಿನ ಹನಿ, ಇನ್ನೊಂದರಲ್ಲಿ ಹುರಿದ ಮೀನಿನ ಚೂರು ಅಥವಾ ಕಾಯಿತುರಿ ಇಟ್ಟು ಅರ್ಧ ಗಂಟೆ ಬಿಟ್ಟು ನೋಡಿ. ಮೀನಿಗೇ ಮುತ್ತಿದರೆ ಸಕ್ಕರೆ ಮದ್ದು ವ್ಯರ್ಥ, ಇರುವೆಗೆಂದೇ ಲೇಬಲ್ ಇರುವ ಹರಳಿನ ಬೈಟ್ (ವಿಷ ಬೆರೆಸಿದ ತಿನಿಸು) ಬೇಕು. ಮಳೆ ಬಿಟ್ಟ ದಿನ, ಮಣ್ಣು ಒಣಗಿದಾಗ ಗೂಡಿನ ಸುತ್ತ ಹಾಕಿ, ಬಾಯಿಗೆ ಸುರಿಯಬೇಡಿ. ನೆನೆದರೆ ಅವು ಮುಟ್ಟುವುದಿಲ್ಲ. ಕುದಿಯುವ ನೀರು ಸುರಿದರೆ ಮೇಲಿನವು ಸಾಯುತ್ತವೆ, ಆಳದ ರಾಣಿ ಉಳಿಯಬಹುದು, ಪಕ್ಕದ ಮಲ್ಲಿಗೆ ಗಿಡದ ಬೇರು ಖಂಡಿತ ಬೇಯುತ್ತದೆ. ಯಾರಿಗಾದರೂ ಕಚ್ಚಿದ ಮೇಲೆ ಉಸಿರು ಕಟ್ಟಿದರೆ, ಮುಖ ಬಾತರೆ, ಕೂಡಲೇ ಆಸ್ಪತ್ರೆಗೆ.

ಪ್ರಶ್ನೆ (ಕದ್ರಿ)
ಊಟದ ಟೇಬಲಿನ ಕಾಲಿಗೆ ನೀರಿನ ತಟ್ಟೆ ಇಟ್ಟಿದ್ದೇನೆ, ಸಾಕಲ್ಲ? ಮತ್ತೆ ನಿನ್ನೆ ಸಂಜೆ ಟ್ಯೂಬ್‌ಲೈಟ್ ಸುತ್ತ ರೆಕ್ಕೆಯ ಹುಳ ತುಂಬಿತ್ತು, ಅದೂ ಇದೇ ಇರುವೆಯಾ?

ಉತ್ತರ
ತಟ್ಟೆಗೆ ಒಂದು ಹನಿ ಸೋಪಿನ ಲಿಕ್ವಿಡ್ ಹಾಕಿ. ಬರಿ ನೀರಿನ ಮೇಲೆ ಸಣ್ಣ ಇರುವೆ ತೇಲಿ ದಾಟಿಬಿಡುತ್ತದೆ, ಸೋಪು ಇದ್ದರೆ ಮುಳುಗುತ್ತದೆ. ನಾಲ್ಕು ದಿನಕ್ಕೊಮ್ಮೆ ಚೆಲ್ಲಿ ಉಜ್ಜಿ ತೊಳೆಯಿರಿ, ಇಲ್ಲವಾದರೆ ಡೆಂಗಿ ಸೊಳ್ಳೆಗೆ ನೀವೇ ತೊಟ್ಟಿಲು ಕಟ್ಟಿದಂತೆ.

ರೆಕ್ಕೆ ಹುಳದ್ದು ಒಂದನ್ನು ಹಿಡಿದು ನೋಡಿ. ನಾಲ್ಕೂ ರೆಕ್ಕೆ ಒಂದೇ ಉದ್ದ, ಸೊಂಟ ದಪ್ಪ, ಮೀಸೆ ಮಣಿಸರದ ಹಾಗೆ ನೇರ ಇದ್ದರೆ ಗೆದ್ದಲು. ಮುಂದಿನ ರೆಕ್ಕೆ ಉದ್ದ, ಸೊಂಟ ಸಪೂರ, ಮೀಸೆ ಮೊಣಕೈಯಂತೆ ಬಾಗಿದ್ದರೆ ಇರುವೆ. ಹೊರಗಿನಿಂದ ದೀಪಕ್ಕೆ ಬಂದದ್ದಾದರೆ ಚಿಂತೆ ಬೇಡ. ಬಾಗಿಲ ಚೌಕಟ್ಟಿನೊಳಗಿಂದಲೇ ಹೊರಟಿದ್ದರೆ, ಅಥವಾ ಗೋಡೆ ಮೇಲೆ ಮಣ್ಣಿನ ಗೆರೆ ಕಂಡರೆ ಅದನ್ನು ಕೆರೆಯದೆ ಫೋಟೋ ತೆಗೆದು ಹಾಕಿ. ಗೆದ್ದಲಿಗೆ ಈ ಸಕ್ಕರೆ ನೀರು ನಾಟುವುದಿಲ್ಲ.