ಒಂದೇ ಗುಣ ಇಡೀ ಪಾತ್ರವನ್ನು ನುಂಗಿದರೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಬರೆಯುತ್ತಿದ್ದೇನೆ, ಒಂದು ಪದ ಬೇಕಾಗಿದೆ. ನಿಘಂಟಿನಲ್ಲಿ ಸಿಗುವಂಥದ್ದಲ್ಲ, ಜಗಲಿ ಮೇಲಿನ ಮಾತಿನಲ್ಲಿ ಎಲ್ಲಾದರೂ ಇದ್ದೀತು ಅನ್ನೋ ಆಸೆ.

ಅಮೆರಿಕದ ಟಿವಿ ಕಾಮಿಡಿಗಳನ್ನು ನೋಡುವವರ ನಡುವೆ ‘ಫ್ಲಾಂಡರೈಸೇಷನ್’ ಅನ್ನೋ ಮಾತಿದೆ. 1989ರಲ್ಲಿ ಶುರುವಾದ ‘ದಿ ಸಿಂಪ್ಸನ್ಸ್’ ಕಾರ್ಟೂನಿನ ನೆಡ್ ಫ್ಲಾಂಡರ್ಸ್ ಹೆಸರಿನಿಂದ ಅಭಿಮಾನಿಗಳೇ ಕಟ್ಟಿಕೊಂಡ ಪದ. ಮೊದಮೊದಲು ಈ ಫ್ಲಾಂಡರ್ಸ್ ಒಬ್ಬ ಒಳ್ಳೆಯ ನೆರೆಮನೆಯವನು, ಅಷ್ಟೇ. ದೈವಭಕ್ತ ಹೌದು, ಆದರೆ ಪಕ್ಕದ ಮನೆಯ ಹೋಮರ್‌ಗೆ ಹೊಟ್ಟೆ ಉರಿಯುತ್ತಿದ್ದದ್ದು ಅವನ ಭಕ್ತಿ ನೋಡಿ ಅಲ್ಲ, ಅವನ ಚೆಂದದ ಮನೆ, ಹೇಳಿದ ಮಾತು ಕೇಳುವ ಮಕ್ಕಳು, ಇದನ್ನೆಲ್ಲ ನೋಡಿ. 1991ರ ಒಂದು ಕಂತಿನಲ್ಲಿ ಅವನು ಎಡಗೈ ಬಳಸುವವರಿಗಾಗಿಯೇ ಒಂದು ಅಂಗಡಿ ತೆಗೆಯುತ್ತಾನೆ, ವ್ಯಾಪಾರ ಇಲ್ಲದೆ ಕೈ ಸುಟ್ಟುಕೊಳ್ಳುತ್ತಾನೆ. ಅವನು ಮುಳುಗಲಿ ಅಂತ ಬಯಸಿದ ಹೋಮರೇ ಕೊನೆಗೆ ಊರಿನ ಎಡಚರನ್ನೆಲ್ಲ ಗಿರಾಕಿ ಮಾಡಿ ಕಳಿಸುತ್ತಾನೆ. ಎಷ್ಟು ಚೆನ್ನಾಗಿದೆ ನೋಡಿ, ನಮ್ಮ ಯಾವ ಕೇರಿಯಲ್ಲಾದರೂ ಆಗಬಹುದಾದ ಕಥೆ ಅಲ್ವಾ? ಆಮೇಲಾಮೇಲೆ ಅವನ ಬಾಯಲ್ಲಿ ಬೈಬಲ್ ಬಿಟ್ಟು ಬೇರೆ ಮಾತೇ ಬರದ ಹಾಗಾಯಿತು. ಹತ್ತು ಗುಣಗಳಲ್ಲಿ ಒಂದು ಬೆಳೆದು ಉಳಿದ ಒಂಬತ್ತನ್ನು ತಿಂದುಹಾಕಿತು. ಇದಕ್ಕೇ ನನಗೆ ಕನ್ನಡ ಮಾತು ಬೇಕು.

ನನ್ನ ಅಕ್ಕನ ಮಗನ ಜಗಳವೂ ಇದೇ, ಆದರೆ ಅವನದು ‘ದಿ ಆಫೀಸ್’ ವಿಷಯ. 2005ರಿಂದ 2013ರವರೆಗೆ ಬಂದ ಅಮೆರಿಕದ ಟಿವಿ ಕಾಮಿಡಿ, ಒಂದು ಆಫೀಸಿನ ಕಥೆ. ಅದರಲ್ಲಿ ಕೆವಿನ್ ಅಂತ ಒಬ್ಬ ಅಕೌಂಟೆಂಟ್ ಇದ್ದಾನೆ, ಮಾತು ನಿಧಾನ, ಬುದ್ಧಿಯೂ ಸ್ವಲ್ಪ ನಿಧಾನ. “ಕೊನೆಕೊನೆಗೆ ಅವನನ್ನ ಪೂರಾ ಪೆದ್ದ ಮಾಡಿಟ್ಟಿದ್ದಾರೆ ಮಾವ, ಕೂಡಿಸೋ ಲೆಕ್ಕವೂ ಬರೋದಿಲ್ಲ ಅಂದ್ರೆ ಅವನಿಗೆ ಕೆಲಸ ಕೊಟ್ಟವರು ಯಾರು?” ಅಂತ ಅವನ ಸಿಟ್ಟು. ಸಿಟ್ಟು ಸರಿಯೇ. ಯಾಕಂದರೆ ಅದೇ ಕೆವಿನ್‌ನ ಒಂದು ದೃಶ್ಯ 2009ರಲ್ಲಿ ಬಂದಿತ್ತು. ಹಿಂದಿನ ರಾತ್ರಿಯಿಂದ ನಿದ್ದೆಗೆಟ್ಟು ಬೆಳ್ಳುಳ್ಳಿ ಜಜ್ಜಿ, ಮೆಣಸು ಹುರಿದು, ದೊಡ್ಡ ಪಾತ್ರೆ ತುಂಬ ಚಿಲ್ಲಿ ಮಾಡಿ (ಅವರದು ಮಾಂಸ ಹಾಕಿ ಮಾಡುವ ಗಟ್ಟಿ ಸಾರಿನಂಥದ್ದು) ಆಫೀಸಿಗೆ ಹೊತ್ತು ತರುತ್ತಾನೆ. ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಪೂರ್ತಿ ನೆಲಕ್ಕೆ. ಕಾರ್ಪೆಟ್ಟಿನ ಮೇಲೆ ಮಂಡಿಯೂರಿ, ಕೈಗೆ ಸಿಕ್ಕಿದ್ದರಲ್ಲಿ ಬಳಿದು ಬಳಿದು ವಾಪಸ್ ಪಾತ್ರೆಗೆ ತುಂಬುತ್ತಾನೆ, ತಾನೂ ಅದರಲ್ಲೇ ಜಾರಿ ಬೀಳುತ್ತಾನೆ. ನಗುತ್ತೇವೆ, ಜೊತೆಗೆ ಅಯ್ಯೋ ಪಾಪ ಅಂತಲೂ ಅನ್ನಿಸುತ್ತದೆ. ಅಡುಗೆಗೆ ಅಷ್ಟು ಜೀವ ತೇಯುವವನು ಬರೀ ಪೆದ್ದ ಹೇಗಾದಾನು?

ಈಗ ಪದಕ್ಕೆ ಬರೋಣ. ‘ಅತಿರೇಕ’ ಅಂದರೆ ಒಂದು ಸನ್ನಿವೇಶಕ್ಕೆ ಸಾಕು, ವರ್ಷಗಟ್ಟಲೆ ನಿಧಾನವಾಗಿ ಆಗುವುದಕ್ಕೆ ಸಾಲದು. ‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’ ಹತ್ತಿರ ಬರುತ್ತದೆ, ಆದರೆ ದಾಸ ಹಾಡುವುದು ಅದೇ ಹಾಡು, ಅದೇ ಪ್ರಮಾಣ. ‘ಪಡಿಯಚ್ಚು’ ಖಂಡಿತ ಅಲ್ಲ. ಪಡಿಯಚ್ಚು ಪಾತ್ರ ಹುಟ್ಟುವಾಗಲೇ ಹಾಗಿರುತ್ತದೆ. ‘ಪಾಪ ಪಾಂಡು’ವಿನಲ್ಲಿ ಶ್ರೀಮತಿ ಗಂಡನಿಗೆ ಗದರಿಸುವುದು, ಬಾರಿಸುವುದು ಧಾರಾವಾಹಿಯ ಬಂಡವಾಳವೇ. ಅದನ್ನು ನೋಡಲಿಕ್ಕೇ ಟಿವಿ ಹಾಕುತ್ತಿದ್ದೆವು, ಪಾತ್ರ ಕೆಟ್ಟಿತು ಅಂತ ಯಾರೂ ದೂರಲಿಲ್ಲ.

ಯಕ್ಷಗಾನದವರ ಮಾತಿನಲ್ಲಿ ಹುಡುಕಿದೆ. ‘ಪಾತ್ರ ಕೆಡಿಸಿದ’, ‘ಔಚಿತ್ಯ ಮೀರಿದ’ ಅಂತ ನಮ್ಮ ಕಡೆ ಆಟ ಮುಗಿದ ಮೇಲೆ ಧಾರಾಳವಾಗಿ ಹೇಳುತ್ತಾರೆ. ಬಾಹುಕನ ಪಾತ್ರವನ್ನೇ ನೋಡಿ. ಅದನ್ನು ಮಾಡುವುದು ಹಾಸ್ಯಗಾರ, ಆದರೆ ಒಳಗಿರುವವನು ರಾಜ್ಯ, ಹೆಂಡತಿ ಎಲ್ಲ ಕಳೆದುಕೊಂಡ ನಳ. ವಿಕಾರ ರೂಪವನ್ನೇ ಹಿಡಿದು ಬರೀ ನಗಿಸುತ್ತಾ ಹೋದರೆ ಹಿಂದಿನ ಸಾಲಿನ ಹಿರಿಯರು ಗೊಣಗಲು ಶುರು. ಭಾವ ಒಂದೇ, ಆದರೆ ಒಂದು ವ್ಯತ್ಯಾಸ ಇದೆ. ಇಲ್ಲಿ ಬೈಗುಳ ಆ ರಾತ್ರಿಯ ಕಲಾವಿದನಿಗೆ. ನಾಳೆ ಇನ್ನೊಬ್ಬ ಬಂದು ಸರಿಮಾಡಬಹುದು. ಟಿವಿಯಲ್ಲಿ ಹಾಗಲ್ಲ, ಬರೆಯುವವರೇ ಸೀಸನ್ನಿಂದ ಸೀಸನ್ನಿಗೆ ಕೆಡಿಸುತ್ತಾ ಬರುತ್ತಾರೆ, ಸರಿಮಾಡುವವರು ಯಾರೂ ಇಲ್ಲ.

ನನ್ನದೇ ಒಂದು ಸಲಹೆ ಇದೆ: ‘ಬಂದಳಿಕೆ ಹತ್ತುವುದು’. ಬಂದಳಿಕೆ ಅಂದರೆ ಬೇರೆ ಮರದ ಕೊಂಬೆಯಲ್ಲಿ ಬೇರೂರಿ ಅದರ ಸಾರ ಹೀರಿ ಬೆಳೆಯುವ ಗಿಡ. ಹಳೇ ಮಾವಿನ ಮರದಲ್ಲಿ ನೋಡಿರುತ್ತೀರಿ. ದೂರದಿಂದ ಮರ ಹಸಿರಾಗಿಯೇ ಕಾಣುತ್ತದೆ, ಹತ್ತಿರ ಹೋದರೆ ಅರ್ಧ ಎಲೆ ಮಾವಿನದಲ್ಲ. ‘ಆ ಪಾತ್ರಕ್ಕೆ ಬಂದಳಿಕೆ ಹತ್ತಿದೆ’ ಅಂದರೆ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಕುಮಟಾದ ಗೆಳೆಯರೊಬ್ಬರು ಒಪ್ಪಲಿಲ್ಲ. ಬಂದಳಿಕೆ ಹೊರಗಿನಿಂದ ಬರುತ್ತದೆ, ಹಕ್ಕಿ ಬೀಜ ತಂದು ಹಾಕುತ್ತದೆ, ಫ್ಲಾಂಡರ್ಸನ ಭಕ್ತಿ ಅವನದೇ ಅಲ್ಲವಾ ಅಂತ ಅವರ ವಾದ. ತೆಗೆದುಹಾಕುವಂಥ ಮಾತಲ್ಲ.

ಸುಮ್ನೆ ಇನ್ನೊಂದು ತಕರಾರು: ‘ಸಿಂಪ್ಸನ್ಸ್’, ‘ಆಫೀಸ್’ ಥರದ ಕಾಮಿಡಿಗಳನ್ನು ‘ವಯಸ್ಕರ ಹಾಸ್ಯ’ ಅಂತ ಬರೆಯಬೇಡಿ. ನನಗೆ ವಯಸ್ಕರ ಶಿಕ್ಷಣದ ರಾತ್ರಿ ಶಾಲೆಯೇ ನೆನಪಾಗುತ್ತದೆ. ‘ಅಡಲ್ಟ್ ಕಾಮಿಡಿ’ ಅಂದರೆ ಪೋಲಿ ಜೋಕು ಅಂದುಕೊಳ್ಳುವವರೇ ಜಾಸ್ತಿ. ನಾನು ‘ದೊಡ್ಡವರ ಕಾಮಿಡಿ’ ಅನ್ನುತ್ತೇನೆ, ಉತ್ತಮವಾದದ್ದು ಇದ್ದರೆ ಕೊಡಿ.

ಉಲ್ಟಾ ಆಗುವುದಕ್ಕೂ ಒಂದು ಮಾತು ಬೇಕು. ಅದೇ ‘ಆಫೀಸ್’ನ ಬಾಸ್ ಮೈಕಲ್ ಸ್ಕಾಟ್ ಮೊದಲ ಸೀಸನ್ನಿನ ಆರು ಕಂತುಗಳಲ್ಲಿ ಸಹಿಸಲಾಗದ ಮನುಷ್ಯ. ಎರಡನೆಯದರಿಂದ ಮೆತ್ತಗಾದ, ಪೆದ್ದುತನದ ಹಿಂದೆ ಒಂಟಿತನ ಕಾಣಿಸಿತು. ‘ಪಾತ್ರ ಮಾಗಿತು’ ಅನ್ನಬಹುದಾ? ಮಾಗುವುದು ಅಂದರೆ ಮನುಷ್ಯನೇ ಬದಲಾದ ಅಂತಾಗುತ್ತದೆ, ಇಲ್ಲಿ ಬದಲಾದದ್ದು ಬರೆಯುವವರ ಕೈ.

ಕಾರವಾರ, ಅಂಕೋಲಾ ಕಡೆಯವರು ಕೊಂಕಣಿಯಲ್ಲಿ ಇದ್ದರೂ ಹೇಳಿ, ತೊಂದರೆಯಿಲ್ಲ. ಶರತ್ತು ಒಂದೇ, ಅದು ಕ್ರಿಯಾಪದವಾಗಿ ಓಡಬೇಕು. ‘ಐದನೇ ಸೀಸನ್ ತನಕ ಚೆನ್ನಾಗಿದ್ದ, ಆಮೇಲೆ…’ ಅಂತ ಶುರುಮಾಡಿದರೆ ಒಂದೇ ಉಸಿರಿಗೆ ವಾಕ್ಯ ಮುಗಿಯಬೇಕು.